ಹೊಗೆ ಹೋಯಿತು, ಹಂಬಲ ಉಳಿಯಿತು

ಕುಮಟಾ, ಹೊನ್ನಾವರ, ಭಟ್ಕಳದ ನಿಲ್ದಾಣಗಳಲ್ಲಿ ಇಂದು ನಿಂತು ನೋಡಿದರೆ ತಲೆಯ ಮೇಲೆ ವಿದ್ಯುತ್ ತಂತಿ, ಹಳಿಯ ಮೇಲೆ ಸದ್ದಿಲ್ಲದೆ ಬಂದು ನಿಲ್ಲುವ ಎಲೆಕ್ಟ್ರಿಕ್ ಎಂಜಿನ್. 2022ರ ಜೂನ್ 20ರಂದು ಬೆಂಗಳೂರಿನಲ್ಲಿ ನಡೆದ ಕಾರ್ಯಕ್ರಮದಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ರೋಹಾದಿಂದ ತೋಕೂರಿನವರೆಗಿನ ಸುಮಾರು 740 ಕಿ.ಮೀ. ಕೊಂಕಣ ರೈಲು ಮಾರ್ಗದ ವಿದ್ಯುದೀಕರಣವನ್ನು ದೇಶಕ್ಕೆ ಸಮರ್ಪಿಸಿದರು. ಆಮೇಲೆ ಒಂದೊಂದೇ ರೈಲು ಡೀಸೆಲ್‌ನಿಂದ ವಿದ್ಯುತ್‌ಗೆ ಬದಲಾಯಿತು. ಇಂಧನದ ಖರ್ಚು ಇಳಿಯಿತು, ಹೊಗೆ ಕಡಿಮೆಯಾಯಿತು. ಸುದ್ದಿ ಅಲ್ಲಿಗೆ ಮುಗಿಯಿತು.

ರೈಲು ಪ್ರಿಯರ ಪಾಲಿಗೆ ಅದು ಅಲ್ಲಿಗೆ ಮುಗಿಯಲಿಲ್ಲ. ದೇಶದ ಹಲವೆಡೆ ರೈಲಿನ ಚಿಕ್ಕ ಮಾದರಿಗಳನ್ನು ಸಂಗ್ರಹಿಸುವ, ಮನೆಯ ಮೂಲೆಯಲ್ಲಿ ಹಳಿ ಹಾಕಿ ಓಡಿಸುವ ಹವ್ಯಾಸಿಗಳಿದ್ದಾರೆ. ಹಳೆಯ ಡೀಸೆಲ್ ಎಂಜಿನ್‌ನ ಅಳತೆಬದ್ಧ ಮಾದರಿಯೊಂದು ಬೇಕು ಎಂಬುದು ಅವರ ಬಹುಕಾಲದ ಆಸೆ. ನಾವು ಚಿಕ್ಕಂದಿನಲ್ಲಿ ಕಂಡ ಅದೇ ಎಂಜಿನ್, ಅದೇ ಬಣ್ಣ, ಅದೇ ಮೂತಿ, ಕೈಯಲ್ಲಿ ಹಿಡಿಯುವಷ್ಟು ಗಾತ್ರದಲ್ಲಿ. ಕೇಳಿದವರಿಗೆ ಇದು ಮಕ್ಕಳಾಟಿಕೆಯ ವಿಷಯ ಎನಿಸಬಹುದು. ಆದರೆ ಈ ಸಣ್ಣ ಆಸೆ ಈಡೇರದಿರಲು ಕಾರಣವೇನು ಎಂದು ಹುಡುಕುತ್ತ ಹೋದರೆ ತಂತ್ರಜ್ಞಾನ, ತೆರಿಗೆ, ಮಾರುಕಟ್ಟೆ, ಕೊನೆಗೆ ನಮ್ಮಂಥ ಉದ್ಯೋಗ ಹುಡುಕುವವರ ಪ್ರಶ್ನೆಯವರೆಗೂ ಅದು ಬಂದು ತಲುಪುತ್ತದೆ.

ನಮಗೆ ‘ಹಳೆಯ ರೈಲು’ ಎಂದರೆ ಡೀಸೆಲ್ಲೇ

ಮೈಸೂರಿನವರಿಗೆ, ಹುಬ್ಬಳ್ಳಿಯವರಿಗೆ ಹಳೆಯ ರೈಲು ಎಂದೊಡನೆ ನೆನಪಾಗುವುದು ಉಗಿಬಂಡಿ. ಅಲ್ಲಿ ಅಜ್ಜಂದಿರ ಕಾಲದಿಂದಲೂ ರೈಲಿದೆ. ನಮ್ಮ ಕರಾವಳಿಯ ಕಥೆ ಬೇರೆ. ಕುಮಟಾದವರು ರೈಲು ಹತ್ತಬೇಕೆಂದರೆ ಘಟ್ಟ ಹತ್ತಿ ಹುಬ್ಬಳ್ಳಿಗೋ, ದಕ್ಷಿಣಕ್ಕೆ ಇಳಿದು ಮಂಗಳೂರಿಗೋ ಹೋಗಬೇಕಿತ್ತು. ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾದದ್ದು 1990ರಲ್ಲಿ. ಜಾರ್ಜ್ ಫರ್ನಾಂಡಿಸ್ ಆಗ ರೈಲ್ವೆ ಸಚಿವರು, ಇ. ಶ್ರೀಧರನ್ ನಿಗಮದ ಮೊದಲ ಮುಖ್ಯಸ್ಥರು. ಪೂರ್ಣ ಮಾರ್ಗ ಸಂಚಾರಕ್ಕೆ ತೆರೆದದ್ದು 1998ರ ಜನವರಿ 26ರಂದು.

ಅಷ್ಟು ಹೊತ್ತಿಗೆ ದೇಶದ ಬ್ರಾಡ್‌ಗೇಜ್ ಹಳಿಗಳಲ್ಲಿ ಉಗಿ ಎಂಜಿನ್‌ಗಳ ನಿತ್ಯ ಸೇವೆ ನಿಂತುಹೋಗಿತ್ತು. ಹಾಗಾಗಿ ಶರಾವತಿ, ಅಘನಾಶಿನಿ ನದಿಗಳನ್ನು ದಾಟಿದ ಮೊದಲ ಪ್ರಯಾಣಿಕ ರೈಲುಗಳನ್ನು ಎಳೆದದ್ದು ಡೀಸೆಲ್ ಎಂಜಿನ್‌ಗಳೇ. ಮಿರ್ಜಾನ್, ಕುಮಟಾ, ಹೊನ್ನಾವರ, ಮಂಕಿ, ಮುರ್ಡೇಶ್ವರ, ಚಿತ್ರಾಪುರ, ಭಟ್ಕಳ ಎಂದು ಸಾಲಾಗಿ ಬರುವ ನಮ್ಮ ನಿಲ್ದಾಣಗಳಲ್ಲಿ ಕಾಲು ಶತಮಾನದ ಕಾಲ ಕೇಳಿದ್ದು ಅವುಗಳ ಸದ್ದೇ. ಮತ್ಸ್ಯಗಂಧಾ ಎಕ್ಸ್‌ಪ್ರೆಸ್‌ನಲ್ಲಿ ಮುಂಬೈಗೆ ಕೆಲಸ ಹುಡುಕಿಕೊಂಡು ಹೋದವರನ್ನು ಹೊತ್ತೊಯ್ದದ್ದೂ, ಲಾರಿಗಳನ್ನೇ ಬೋಗಿಯ ಮೇಲೆ ಹತ್ತಿಸಿಕೊಂಡು ಸಾಗುವ ರೋ-ರೋ ರೈಲನ್ನು 1999ರಿಂದ ಎಳೆದದ್ದೂ ಅವೇ.

ಈ ಲೆಕ್ಕವನ್ನು ಸ್ವಲ್ಪ ಗಮನಿಸಿ. 1998ರಿಂದ 2022. ಇಂದು ಪದವಿ ತರಗತಿಯಲ್ಲಿರುವವರು, ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು ಹುಟ್ಟಿ ಬೆಳೆದದ್ದು ಈ 24 ವರ್ಷಗಳ ಒಳಗೇ. ಅಂದರೆ ನಮ್ಮ ಮಾರ್ಗದ ಡೀಸೆಲ್ ಯುಗವೂ ನಮ್ಮ ಬಾಲ್ಯವೂ ಹೆಚ್ಚು ಕಡಿಮೆ ಒಂದೇ ಅವಧಿಯವು. ಬೇರೆ ಊರುಗಳಲ್ಲಿ ಉಗಿಬಂಡಿಯನ್ನು ನೆನೆಯುವವರು ಹಿರಿಯರು. ನಮ್ಮ ಕರಾವಳಿಯಲ್ಲಿ ಮುಗಿದುಹೋದ ರೈಲು ಯುಗವೊಂದನ್ನು ನೆನೆಯುವವರು ಇಪ್ಪತ್ತರ ಹರೆಯದವರು. ‘ವಿಂಟೇಜ್ ಡೀಸೆಲ್’ ಎಂಬ ಮಾತು ಇಲ್ಲಿ ಯುವಜನರ ಮಾತಾಗಿರುವುದು ಇದಕ್ಕೇ.

ಆ ಎಂಜಿನ್‌ನ ಜಾತಕ

ಹವ್ಯಾಸಿಗಳು ಅತಿ ಹೆಚ್ಚು ಬಯಸುವುದು ‘ಡಬ್ಲ್ಯುಡಿಎಂ-2’ ಎಂಬ ಎಂಜಿನ್ ಮತ್ತು ಅದರ ತಮ್ಮಂದಿರನ್ನು. ಹೆಸರಿನಲ್ಲೇ ಅದರ ಪರಿಚಯವಿದೆ. ‘ಡಬ್ಲ್ಯು’ ಎಂದರೆ ಬ್ರಾಡ್‌ಗೇಜ್, ‘ಡಿ’ ಎಂದರೆ ಡೀಸೆಲ್, ‘ಎಂ’ ಎಂದರೆ ಪ್ರಯಾಣಿಕ ರೈಲನ್ನೂ ಸರಕು ರೈಲನ್ನೂ ಎಳೆಯಬಲ್ಲ ಮಿಶ್ರ ಬಳಕೆಯದು, ‘2’ ಎಂದರೆ ಆ ಸರಣಿಯ ಎರಡನೆಯ ವಿನ್ಯಾಸ. ರೈಲ್ವೆ ಪರೀಕ್ಷೆಗೆ ಓದುತ್ತಿರುವವರು ಇದನ್ನು ನೆನಪಿಟ್ಟುಕೊಳ್ಳಬಹುದು. ‘ಪಿ’ ಬಂದರೆ ಪ್ರಯಾಣಿಕ, ‘ಜಿ’ ಬಂದರೆ ಸರಕು.

ವಿನ್ಯಾಸ ಅಮೆರಿಕದ ‘ಆಲ್ಕೊ’ ಕಂಪನಿಯದು. 1962ರಲ್ಲಿ ಮೊದಲ ಎಂಜಿನ್‌ಗಳು ಅಲ್ಲಿಂದ ಹಡಗಿನಲ್ಲಿ ಬಂದವು. ಆಮೇಲೆ ತಂತ್ರಜ್ಞಾನವನ್ನು ಪಡೆದು ವಾರಾಣಸಿಯ ಡೀಸೆಲ್ ಲೋಕೊಮೋಟಿವ್ ವರ್ಕ್ಸ್‌ನಲ್ಲಿ ತಯಾರಿಕೆ ಶುರುವಾಯಿತು. ಅಲ್ಲಿಂದ ಮೊದಲ ಎಂಜಿನ್ ಹೊರಬಂದದ್ದು 1964ರ ಜನವರಿಯಲ್ಲಿ. 16 ಸಿಲಿಂಡರ್, 2,600 ಅಶ್ವಶಕ್ತಿ, ಆರು ಅಚ್ಚುಗಳು. 1969ರಲ್ಲಿ ಅಮೆರಿಕದ ಮೂಲ ಕಂಪನಿಯೇ ಲೋಕೊಮೋಟಿವ್ ತಯಾರಿಕೆ ನಿಲ್ಲಿಸಿ ಬಾಗಿಲು ಹಾಕಿತು. ಭಾರತ ಮಾತ್ರ ನಿಲ್ಲಿಸಲಿಲ್ಲ. 1998ರವರೆಗೆ ಎರಡೂವರೆ ಸಾವಿರಕ್ಕೂ ಹೆಚ್ಚು ಡಬ್ಲ್ಯುಡಿಎಂ-2 ತಯಾರಾದವು. ಅದನ್ನೇ ಸುಧಾರಿಸಿ 3,100 ಅಶ್ವಶಕ್ತಿಯ ಡಬ್ಲ್ಯುಡಿಎಂ-3ಎ, 3,300 ಅಶ್ವಶಕ್ತಿಯ ಡಬ್ಲ್ಯುಡಿಎಂ-3ಡಿ ಬಂದವು. ಪಂಜಾಬಿನ ಪಟಿಯಾಲಾದ ಕಾರ್ಖಾನೆಯಲ್ಲಿ ಹಳೆಯ ಎಂಜಿನ್‌ಗಳನ್ನು ಬಿಚ್ಚಿ, ಶಕ್ತಿ ಹೆಚ್ಚಿಸಿ ಮತ್ತೆ ಹಳಿಗೆ ಕಳುಹಿಸಲಾಯಿತು. ಹುಟ್ಟಿದ ಊರಿನಲ್ಲಿ ಸತ್ತ ತಂತ್ರಜ್ಞಾನವೊಂದನ್ನು ನಮ್ಮ ಎಂಜಿನಿಯರುಗಳು, ಮೆಕ್ಯಾನಿಕ್‌ಗಳು ಅರ್ಧ ಶತಮಾನ ಬದುಕಿಸಿ, ಬೆಳೆಸಿ, ಶ್ರೀಲಂಕಾ, ಬಾಂಗ್ಲಾದೇಶಗಳಿಗೂ ಎಂಜಿನ್ ಮಾಡಿ ಕಳುಹಿಸಿದರು.

ನಮ್ಮ ರಾಜ್ಯಕ್ಕೆ ಸಂಬಂಧಿಸಿದ ಇನ್ನೊಂದು ಅಧ್ಯಾಯವೂ ಇದೆ. 1990ರ ದಶಕದ ಕೊನೆಗೆ ಅಮೆರಿಕದ ಜನರಲ್ ಮೋಟರ್ಸ್ ತಂತ್ರಜ್ಞಾನದ 4,000 ಅಶ್ವಶಕ್ತಿಯ ಹೊಸ ಡೀಸೆಲ್ ಎಂಜಿನ್‌ಗಳು ದೇಶಕ್ಕೆ ಬಂದಾಗ ಅವುಗಳ ಮೊದಲ ಮನೆ ಹುಬ್ಬಳ್ಳಿಯ ಡೀಸೆಲ್ ಶೆಡ್. ಘಟ್ಟದ ಮೇಲಿನ ಆ ಶೆಡ್‌ನಲ್ಲಿ ಕೆಲಸ ಕಲಿತವರ ಅನುಭವ ದೇಶದ ಬೇರೆ ಶೆಡ್‌ಗಳಿಗೂ ಹರಿಯಿತು.

ಈಗ ಪರಿಸ್ಥಿತಿ ಬದಲಾಗಿದೆ. ವಾರಾಣಸಿಯ ಕಾರ್ಖಾನೆಯ ಹೆಸರಿನಿಂದಲೇ ‘ಡೀಸೆಲ್’ ಹೋಗಿದೆ. 2020ರಿಂದ ಅದು ಬನಾರಸ್ ಲೋಕೊಮೋಟಿವ್ ವರ್ಕ್ಸ್. 2019ರಲ್ಲಿ ಅಲ್ಲಿ ಹಳೆಯ ಡೀಸೆಲ್ ಎಂಜಿನ್‌ಗಳನ್ನೇ ಎಲೆಕ್ಟ್ರಿಕ್ ಆಗಿ ಪರಿವರ್ತಿಸಿದ ಜೋಡಿಯೊಂದನ್ನು ಹಳಿಗೆ ಇಳಿಸಲಾಯಿತು. ದೇಶದ ಬ್ರಾಡ್‌ಗೇಜ್ ಜಾಲದ ವಿದ್ಯುದೀಕರಣ ಬಹುತೇಕ ಮುಗಿದಿದೆ. ಡೀಸೆಲ್ ಎಂಜಿನ್‌ಗೆ ರೈಲ್ವೆ ನಿಗದಿಪಡಿಸಿದ ಆಯಸ್ಸು 36 ವರ್ಷ. 1998ರಲ್ಲಿ ತಯಾರಾದ ಕೊನೆಯ ಡಬ್ಲ್ಯುಡಿಎಂ-2ಕ್ಕೂ ಆ ಗಡುವು 2034ಕ್ಕೆ ಮುಗಿಯುತ್ತದೆ. ಹೆಚ್ಚಿನವು ಅದಕ್ಕೆ ಮೊದಲೇ ಗುಜರಿ ಸೇರಿವೆ.

ಹಾಗಾದರೆ ಮಾದರಿ ಯಾಕೆ ಸಿಗುವುದಿಲ್ಲ?

ಬ್ರಿಟನ್‌ನಲ್ಲಿ ‘ಡೆಲ್ಟಿಕ್’ ಎಂಬ ಡೀಸೆಲ್ ಎಂಜಿನ್ ಇತ್ತು. ತಯಾರಾದದ್ದು ಕೇವಲ 22. ಅದು ಹಳಿಗೆ ಬಂದ 1961ರಲ್ಲೇ ಹಾರ್ನ್‌ಬಿ ಕಂಪನಿ ಅದರ ಆಟಿಕೆ ಮಾದರಿ ತಂದಿತು. ಎಂಜಿನ್ ನಿವೃತ್ತಿಯಾಗಿ ನಾಲ್ಕು ದಶಕ ಕಳೆದ ಮೇಲೂ ಹೊಸ ಹೊಸ ಮಾದರಿಗಳು ಬರುತ್ತಿವೆ. ಆರು ನಿಜವಾದ ಎಂಜಿನ್‌ಗಳನ್ನು ಉಳಿಸಿಕೊಳ್ಳಲಾಗಿದೆ. 22 ಎಂಜಿನ್‌ಗೆ ಅಲ್ಲಿ ಅಷ್ಟು ಪ್ರೀತಿ. ಎರಡೂವರೆ ಸಾವಿರ ದಾಟಿದ ನಮ್ಮ ಡಬ್ಲ್ಯುಡಿಎಂ-2 ಜಗತ್ತಿನ ದೊಡ್ಡ ಮಾದರಿ ತಯಾರಕರ ಕ್ಯಾಟಲಾಗ್‌ನಲ್ಲಿ ಕಾಣುವುದು ಅಪರೂಪ. ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಗಳಲ್ಲಿ ಜರ್ಮನಿಯ ಕಾರಿನ ಮಾದರಿ ಸಿಕ್ಕೀತು. ಅದೇ ಊರಿನ ಸ್ಟೇಷನ್ನಿಗೆ ಬರುತ್ತಿದ್ದ ಎಂಜಿನ್‌ನ ಮಾದರಿ ಸಿಗದು. ಇದಕ್ಕೆ ಮೂರು ಮುಖ್ಯ ಕಾರಣಗಳಿವೆ.

ಮೊದಲನೆಯದು ಹಳಿಯ ಅಗಲ. ಮಾದರಿ ರೈಲಿನ ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ‘ಎಚ್‌ಒ’ ಅಳತೆ. ಅಂದರೆ ನಿಜವಾದ ವಸ್ತುವಿನ 87ನೇ ಒಂದು ಭಾಗ. ಅದರ ಹಳಿಯ ಅಗಲ 16.5 ಮಿ.ಮೀ. ಇದು ಯುರೋಪ್, ಅಮೆರಿಕಗಳ 1,435 ಮಿ.ಮೀ. ಹಳಿಗೆ ಸರಿಹೊಂದುತ್ತದೆ. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ. 87ರಿಂದ ಭಾಗಿಸಿದರೆ 19 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ಆ ಅಗಲದ ಹಳಿ ಸಾಮಾನ್ಯವಾಗಿ ಅಂಗಡಿಯಲ್ಲಿ ಸಿಗುವುದಿಲ್ಲ. ಎಂಜಿನ್‌ನ ದೇಹವನ್ನು 87ನೇ ಭಾಗಕ್ಕೆ ಮಾಡಿ, 16.5 ಮಿ.ಮೀ. ಹಳಿಯ ಮೇಲೆ ಕೂರಿಸಿದರೆ ಚಕ್ರಗಳು ಒಳಗೆ ಸರಿದು, ದೊಡ್ಡವನಿಗೆ ಚಿಕ್ಕ ಚಪ್ಪಲಿ ಹಾಕಿದಂತೆ ಕಾಣುತ್ತದೆ. ಹಳಿಗೆ ತಕ್ಕಂತೆ ದೇಹವನ್ನು ಕುಗ್ಗಿಸಿದರೆ ಅದು ಸುಮಾರು 101ನೇ ಒಂದು ಭಾಗವಾಗುತ್ತದೆ. ಆಗ ಬೇರೆ ಯಾವ ಕಂಪನಿಯ ಬೋಗಿ, ಕಟ್ಟಡ, ಮನುಷ್ಯರ ಬೊಂಬೆಯೂ ಅದರ ಪಕ್ಕ ಹೊಂದುವುದಿಲ್ಲ. ಹೆಚ್ಚಿನವರು ಮೊದಲ ದಾರಿಯನ್ನೇ ಹಿಡಿದು, ಆ ಮೂರು ಮಿ.ಮೀ. ಕೊರತೆಯನ್ನು ನುಂಗಿಕೊಳ್ಳುತ್ತಾರೆ.

ಎರಡನೆಯದು ಅಚ್ಚಿನ ಖರ್ಚು. ಪ್ಲಾಸ್ಟಿಕ್ ಮಾದರಿಯೊಂದನ್ನು ಕಾರ್ಖಾನೆಯಲ್ಲಿ ಮಾಡಲು ಮೊದಲು ಉಕ್ಕಿನ ಅಚ್ಚು ಕೊರೆಯಬೇಕು. ಒಂದು ಮಾದರಿ ಮಾಡಿದರೂ ಹತ್ತು ಸಾವಿರ ಮಾಡಿದರೂ ಅಚ್ಚಿನ ಖರ್ಚು ಒಂದೇ. ಹಾಗಾಗಿ ಎಷ್ಟು ಜನ ಕೊಳ್ಳುತ್ತಾರೆ ಎಂಬುದು ಮೊದಲೇ ಗೊತ್ತಿರಬೇಕು. ಭಾರತದಲ್ಲಿ ರೈಲು ಪ್ರಿಯರು ಲೆಕ್ಕವಿಲ್ಲದಷ್ಟು ಇದ್ದಾರೆ. ಮಾದರಿಗೆ ದುಡ್ಡು ಕೊಡುವವರು ಎಷ್ಟು ಎಂಬ ಪ್ರಶ್ನೆಗೆ ಯಾವ ತಯಾರಕನೂ ಧೈರ್ಯದಿಂದ ಉತ್ತರ ಹೇಳಲಾರ. ಮಾದರಿ ಇಲ್ಲದ್ದರಿಂದ ಕೊಳ್ಳುವವರು ಕಾಣುವುದಿಲ್ಲ, ಕೊಳ್ಳುವವರು ಕಾಣದ್ದರಿಂದ ಮಾದರಿ ಬರುವುದಿಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯ ಸ್ಥಿತಿ.

ಮೂರನೆಯದು ಸುಂಕ. 2020ರ ಫೆಬ್ರುವರಿಯ ಬಜೆಟ್‌ನಲ್ಲಿ ಆಟಿಕೆಗಳ ಆಮದು ಸುಂಕವನ್ನು ಶೇ 20ರಿಂದ ಶೇ 60ಕ್ಕೆ ಏರಿಸಲಾಯಿತು. 2023ರಲ್ಲಿ ಅದು ಶೇ 70 ಆಯಿತು. ಅಗ್ಗದ, ಕಳಪೆ ಆಟಿಕೆಗಳ ಆಮದನ್ನು ತಡೆದು ದೇಶಿ ತಯಾರಿಕೆಯನ್ನು ಬೆಳೆಸುವುದು ಉದ್ದೇಶ. ಅದು ತಪ್ಪೇನಲ್ಲ. ಆದರೆ ಸುಂಕದ ಪಟ್ಟಿಯಲ್ಲಿ ಆಟಿಕೆಗಳೂ ಅಳತೆಬದ್ಧ ಮಾದರಿಗಳೂ ಒಂದೇ ತಲೆಬರಹದಡಿ ಬರುತ್ತವೆ. ಐವತ್ತು ರೂಪಾಯಿಯ ಪ್ಲಾಸ್ಟಿಕ್ ಗಿರಗಿಟ್ಟೆಗೂ ಹವ್ಯಾಸಿಯ ಎಂಜಿನ್ ಮಾದರಿಗೂ ಒಂದೇ ಕಟ್ಟುಪಾಡು. ಅಂಗಡಿಯವನೊಬ್ಬ 20,000 ರೂಪಾಯಿ ಬೆಲೆಯ ಮಾದರಿಯನ್ನು ಮಾರಾಟಕ್ಕೆ ತರಿಸಿದರೆ ಶೇ 70ರಂತೆ ಮೂಲ ಸುಂಕವೇ 14,000 ರೂಪಾಯಿ. ಅದರ ಮೇಲೆ ಉಳಿದ ತೆರಿಗೆ, ಸಾಗಾಟ, ಅಂಗಡಿಯವನ ಲಾಭ. ಕಾಲೇಜು ಹುಡುಗನ ಕೈಗೆ ಅದು ಎಟುಕುವುದು ಹೇಗೆ?

ದುಡ್ಡಿದ್ದವರ ಆಟವೇ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ‘ಕೆಲಸವಿಲ್ಲದೆ ಕೂತವರಿಗೆ ರೈಲಿನ ಆಟಿಕೆ ಯಾಕೆ?’ ಮನೆಯಲ್ಲಿ ಹಿರಿಯರು ಹೀಗೆ ಕೇಳಿದರೆ ಅವರ ಮಾತಿನಲ್ಲೂ ಹುರುಳಿದೆ. ಹವ್ಯಾಸ ದುಬಾರಿ, ಜಾಗ ಬೇಕು, ಸಮಯ ಬೇಕು. ಹೊನ್ನಾವರದ ಶರಾವತಿ ಸೇತುವೆಯನ್ನೇ ತೆಗೆದುಕೊಳ್ಳಿ. ಕೊಂಕಣ ರೈಲು ಮಾರ್ಗದಲ್ಲಿ ಅತಿ ಉದ್ದದ ಈ ಸೇತುವೆ ಎರಡು ಕಿ.ಮೀ.ಗಿಂತ ತುಸು ಹೆಚ್ಚು. ಎಚ್‌ಒ ಅಳತೆಯಲ್ಲಿ ಅದನ್ನು ಪೂರ್ತಿ ಕಟ್ಟಿದರೂ ಸುಮಾರು 24 ಮೀಟರ್ ಬೇಕು, ಎರಡು ಬ್ಯಾಡ್ಮಿಂಟನ್ ಅಂಕಣಗಳನ್ನು ಉದ್ದಕ್ಕೆ ಜೋಡಿಸಿದಷ್ಟು ಎನ್ನಬಹುದು. ಯಾರ ಮನೆಯ ಜಗಲಿಯಲ್ಲೂ ಅದು ಹಿಡಿಯುವುದಿಲ್ಲ.

ಇನ್ನೊಂದು ಆಕ್ಷೇಪ ಪರಿಸರದವರದು. ಹೊಗೆ ಕಾರುತ್ತಿದ್ದ ಎಂಜಿನ್ ಮೇಲೆ ಏಕಿಷ್ಟು ಮೋಹ? ಆಲ್ಕೊ ಎಂಜಿನ್ ನಿಂತಲ್ಲಿಂದ ಹೊರಡುವಾಗ ಎಬ್ಬಿಸುತ್ತಿದ್ದ ಕಪ್ಪು ಹೊಗೆಯನ್ನು ಹವ್ಯಾಸಿಗಳು ಮೆಚ್ಚಿ ಫೋಟೊ ತೆಗೆದಿರಬಹುದು. ಸುರಂಗದೊಳಗೆ ಕಿಟಕಿ ಮುಚ್ಚಿ ಕೂತ ಪ್ರಯಾಣಿಕರಿಗೆ, ಗ್ಯಾಂಗ್‌ಮನ್‌ಗಳಿಗೆ ಅದು ಮೆಚ್ಚುವ ವಿಷಯವಾಗಿರಲಿಲ್ಲ. ವಿದ್ಯುದೀಕರಣ ಆಗಬೇಕಾದದ್ದೇ, ಆದದ್ದು ಒಳ್ಳೆಯದೇ. ಮಾದರಿ ಬೇಕು ಎನ್ನುವವನು ಹೊಗೆ ಮರಳಿ ಬರಲಿ ಎನ್ನುತ್ತಿಲ್ಲ. ಅಜ್ಜನ ಎತ್ತಿನಗಾಡಿಯ ಚಕ್ರವನ್ನು ಅಂಗಳದಲ್ಲಿ ಒರಗಿಸಿಟ್ಟವನು ಮತ್ತೆ ಗಾಡಿ ಹೂಡಿ ಪೇಟೆಗೆ ಹೋಗುತ್ತಾನೆಯೇ?

ಎರಡು ಆಕ್ಷೇಪಗಳನ್ನೂ ಒಪ್ಪಿಕೊಂಡ ಮೇಲೂ ಉಳಿಯುವ ಸಂಗತಿಯೊಂದಿದೆ. ಮಾದರಿಯನ್ನು ಕೊಳ್ಳುವುದು ದುಬಾರಿ ಆಟ ಇರಬಹುದು. ಮಾದರಿಯನ್ನು ಮಾಡುವುದು ಒಂದು ಕಸುಬು. ನಾವು ಯೋಚಿಸಬೇಕಾದದ್ದು ಈ ಎರಡನೆಯದರ ಬಗ್ಗೆ.

ಮಾಡುವ ಕೈಗಳು ಇಲ್ಲೇ ಇವೆ

ಒಂದು ಡಬ್ಲ್ಯುಡಿಎಂ-2 ಮಾದರಿ ಮಾಡಲು ಏನೇನು ಗೊತ್ತಿರಬೇಕು ಎಂದು ಪಟ್ಟಿ ಮಾಡೋಣ. ನಿಜ ಎಂಜಿನ್‌ನ ಉದ್ದ ಸುಮಾರು 17.12 ಮೀಟರ್. ಮಾದರಿಯಲ್ಲಿ ಅದು 20 ಸೆಂ.ಮೀ.ಗೆ ತುಸು ಕಡಿಮೆ, ಶಾಲೆಯ ಪಟ್ಟಿಯ ಮೂರರಲ್ಲಿ ಎರಡು ಭಾಗ. ಬದಿಯ ಕೈಪಿಡಿ ಕಂಬಿ ಕೂದಲಿಗಿಂತ ಸ್ವಲ್ಪ ದಪ್ಪ ಅಷ್ಟೇ. ಕೆಳಗಿನ ಬೋಗಿ ಚೌಕಟ್ಟಿನಲ್ಲಿ ಮೂರು ಅಚ್ಚುಗಳ ನಡುವಿನ ಅಂತರ ಒಂದೇ ಸಮನಾಗಿಲ್ಲ. ಅದು ಆಲ್ಕೊ ವಿನ್ಯಾಸದ ವಿಶೇಷ, ಅದನ್ನು ಸಮನಾಗಿ ಮಾಡಿದರೆ ಬಲ್ಲವರು ಒಂದೇ ನೋಟಕ್ಕೆ ತಪ್ಪು ಹಿಡಿಯುತ್ತಾರೆ. ಇದಕ್ಕೆಲ್ಲ ಮೊದಲು ನಕ್ಷೆ ಓದಬೇಕು. ಕಂಪ್ಯೂಟರಿನಲ್ಲಿ ಮೂರು ಆಯಾಮದ ಚಿತ್ರ ಕಟ್ಟಬೇಕು. ಥ್ರೀಡಿ ಪ್ರಿಂಟರ್‌ನಲ್ಲಿ ರಾಳದ ದೇಹ ಮುದ್ರಿಸಬೇಕು. ಉಜ್ಜಿ ನಯಗೊಳಿಸಿ ಬಣ್ಣ ಹೊಡೆಯಬೇಕು. ಒಳಗೆ ಪುಟ್ಟ ಮೋಟಾರು, ಗೇರು, ದೀಪ, ಸದ್ದಿನ ಚಿಪ್ ಕೂರಿಸಬೇಕು.

ಇದರಲ್ಲಿ ಯಾವುದು ನಮ್ಮ ಮೂರು ತಾಲ್ಲೂಕಿನ ಹುಡುಗ ಹುಡುಗಿಯರಿಗೆ ಬಾರದ ವಿದ್ಯೆ? ಭಟ್ಕಳದಲ್ಲಿ ಎಂಜಿನಿಯರಿಂಗ್ ಕಾಲೇಜಿದೆ. ಐಟಿಐ, ಡಿಪ್ಲೊಮಾ ಓದಿದವರು ಪ್ರತಿ ಊರಿನಲ್ಲೂ ಇದ್ದಾರೆ. ಐಟಿಐನಲ್ಲಿ ‘ಮೆಕ್ಯಾನಿಕ್ ಡೀಸೆಲ್’ ಟ್ರೇಡ್ ಮಾಡಿ ಅಸಿಸ್ಟೆಂಟ್ ಲೋಕೊ ಪೈಲಟ್ ಪರೀಕ್ಷೆಗೆ ಅರ್ಜಿ ಹಾಕುವವರಿಗೆ ಎಂಜಿನ್ ಒಳಗಿನ ಭಾಗಗಳ ಹೆಸರು ಬಾಯಿಪಾಠ. ಇನ್ನು ಕೈಕುಶಲಕ್ಕೆ ಬಂದರೆ, ಕುಮಟಾ, ಹೊನ್ನಾವರ, ಸಿರ್ಸಿ, ಸಾಗರ, ಸೊರಬ ಭಾಗದ ಗುಡಿಗಾರರನ್ನು ಮೀರಿಸುವವರು ಯಾರು? ಗಂಧದ ಕೊರಡಿನಲ್ಲಿ ಬೆರಳುದ್ದದ ದೇವರ ಮೂರ್ತಿ ಕೆತ್ತುವ, ಬೆಂಡಿನಿಂದ ಬಾಸಿಂಗ ಕಟ್ಟುವ ಕಲೆ ತಲೆಮಾರುಗಳಿಂದ ಇಲ್ಲಿದೆ. ದೊಡ್ಡ ರೂಪವನ್ನು ಅಳತೆ ಕೆಡದಂತೆ ಚಿಕ್ಕದಾಗಿ ಮೂಡಿಸುವುದೇ ಅದರ ಜೀವಾಳ. ಮಾದರಿ ತಯಾರಿಕೆಯೂ ಅದೇ ವಿದ್ಯೆ, ಸಾಮಗ್ರಿ ಮಾತ್ರ ಬೇರೆ.

ಸರ್ಕಾರದ ನೀತಿಯೂ ಈ ಕಡೆಗೆ ತಿರುಗಿದೆ. 2020ರ ನಂತರ ಆಟಿಕೆ ಕೈಗಾರಿಕೆಗೆ ರಾಷ್ಟ್ರೀಯ ಕ್ರಿಯಾ ಯೋಜನೆ ಬಂತು, 2021ರ ಜನವರಿಯಿಂದ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ನಮ್ಮ ರಾಜ್ಯದಲ್ಲಿ ಕೊಪ್ಪಳ ಜಿಲ್ಲೆಯ ಭಾನಾಪುರದ ಬಳಿ ಸುಮಾರು 400 ಎಕರೆಯಲ್ಲಿ ಆಟಿಕೆ ಕ್ಲಸ್ಟರ್‌ಗೆ ಚಾಲನೆ ಸಿಕ್ಕಿತು. ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ಮೊದಲೇ ಇದೆ. ಈ ಎಲ್ಲ ಯೋಜನೆಗಳ ಕಣ್ಣು ಚಿಕ್ಕ ಮಕ್ಕಳ ಆಟಿಕೆಯ ಮೇಲಿದೆ. ದೊಡ್ಡವರು ಸಂಗ್ರಹಿಸುವ, ಕಡಿಮೆ ಸಂಖ್ಯೆಯಲ್ಲಿ ತಯಾರಾಗುವ, ಬೆಲೆ ಹೆಚ್ಚು ಸಿಗುವ ಅಳತೆಬದ್ಧ ಮಾದರಿಯ ಬಗ್ಗೆ ಮಾತೇ ಇಲ್ಲ. ಶೇ 70 ಸುಂಕ ಹೊರಗಿನ ಮಾಲಿಗೆ ಗೋಡೆಯಾಗಿದ್ದರೆ, ಆ ಗೋಡೆಯ ಒಳಗೆ ಯಾರಾದರೂ ಏನಾದರೂ ಬೆಳೆಯಬೇಕಲ್ಲ? ಬೆಳೆಯದಿದ್ದರೆ ಗೋಡೆಯಿಂದ ಯಾರಿಗೆ ಲಾಭ?

ಅಚ್ಚಿನ ಖರ್ಚಿನ ಸಮಸ್ಯೆಗೂ ಈಗ ಒಂದು ಮಟ್ಟಿನ ಉತ್ತರವಿದೆ. ಥ್ರೀಡಿ ಮುದ್ರಣಕ್ಕೆ ಉಕ್ಕಿನ ಅಚ್ಚು ಬೇಡ. ಹತ್ತು ಮಾದರಿ ಬೇಕಾದರೆ ಹತ್ತೇ ಮಾಡಬಹುದು. ದೇಶದಲ್ಲಿ ಈಗಾಗಲೇ ಕೆಲವು ಹವ್ಯಾಸಿಗಳು, ಸಣ್ಣ ತಯಾರಕರು ಹೀಗೆ ಆರ್ಡರ್ ತೆಗೆದುಕೊಂಡು ಕೈಯಿಂದ ಮಾಡಿಕೊಡುತ್ತಿದ್ದಾರೆ. ಇದರಿಂದ ಸಾವಿರಾರು ಉದ್ಯೋಗ ಸೃಷ್ಟಿಯಾಗುತ್ತದೆ ಎಂದರೆ ಅದು ಭಾಷಣವಾದೀತು. ಒಂದು ತಾಲ್ಲೂಕಿನಲ್ಲಿ ನಾಲ್ಕೈದು ಮಂದಿಗೆ ಬಿಡುವಿನ ಸಂಪಾದನೆ, ಒಬ್ಬಿಬ್ಬರಿಗೆ ಪೂರ್ಣಾವಧಿ ಕಸುಬು ಆದರೂ ಅದು ನಿಜವಾದ ಲಾಭ. ಅದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಒಂದು ಎಂಜಿನ್‌ನ ಮಾದರಿಯನ್ನು ಮೊದಲಿಂದ ಕೊನೆಯವರೆಗೆ ತಾನೇ ಮಾಡಿದವನ ಕೈಯಲ್ಲಿ ಸಂದರ್ಶನಕ್ಕೆ ಒಯ್ಯಲು ಒಂದು ವಸ್ತುವಿರುತ್ತದೆ. ‘ನನಗೆ ವಿನ್ಯಾಸ ಗೊತ್ತು’ ಎಂದು ಅರ್ಜಿಯಲ್ಲಿ ಬರೆಯುವವರು ಸಾವಿರ. ಮೇಜಿನ ಮೇಲೆ ಇಟ್ಟು ತೋರಿಸುವವರು ಕಡಿಮೆ.

ಕಾಲ ಮೀರುವ ಮೊದಲು

ಮಾದರಿ ಇವತ್ತು ಮಾಡದಿದ್ದರೆ ಹತ್ತು ವರ್ಷದ ಮೇಲೆ ಮಾಡಬಹುದು. ಆದರೆ ಅಳತೆ ಇವತ್ತೇ ತೆಗೆದುಕೊಳ್ಳಬೇಕು. ಎಂಜಿನ್ ಗುಜರಿಗೆ ಹೋದ ಮೇಲೆ ಅದರ ಏಣಿಯ ಮೆಟ್ಟಿಲು ಎಷ್ಟು ಅಗಲವಿತ್ತು, ಆ ಶೆಡ್‌ನವರು ಮೂತಿಗೆ ಯಾವ ಪಟ್ಟೆ ಬಳಿದಿದ್ದರು ಎಂದು ಯಾರನ್ನು ಕೇಳುವುದು? ಒಂದೇ ವರ್ಗದ ಎಂಜಿನ್ ಆದರೂ ಒಂದೊಂದು ಶೆಡ್‌ನಲ್ಲಿ ಒಂದೊಂದು ಬಣ್ಣ, ಒಂದೊಂದು ಬದಲಾವಣೆ. ಮುಂಭಾಗ ತಗ್ಗಿಸಿ ಗಾಜು ದೊಡ್ಡದು ಮಾಡಿದ ‘ಜಂಬೊ’ ಎಂಬ ಬಗೆಯೂ ಇತ್ತು. ಇಂಥ ವಿವರಗಳು ಕಾರ್ಖಾನೆಯ ಮೂಲ ನಕ್ಷೆಯಲ್ಲಿ ಇರುವುದಿಲ್ಲ. ನೋಡಿದವರ ಕಣ್ಣಿನಲ್ಲಿ, ತೆಗೆದವರ ಫೋಟೊದಲ್ಲಿ, ದುರಸ್ತಿ ಮಾಡಿದವರ ಕೈಯಲ್ಲಿ ಇರುತ್ತವೆ.

ಇದಕ್ಕೆ ಇನ್ನೊಂದು ತುರ್ತೂ ಇದೆ. ಕೊಂಕಣ ರೈಲ್ವೆ ನಿಗಮವನ್ನು ಭಾರತೀಯ ರೈಲ್ವೆಯಲ್ಲಿ ವಿಲೀನ ಮಾಡುವ ಮಾತು ಜೋರಾಗಿದೆ. ನಿಗಮದಲ್ಲಿ ಕೇಂದ್ರದ ಜೊತೆ ಮಹಾರಾಷ್ಟ್ರ, ಕರ್ನಾಟಕ, ಗೋವಾ, ಕೇರಳ ಪಾಲುದಾರರು. 2025ರ ಮೇನಲ್ಲಿ ಮಹಾರಾಷ್ಟ್ರವೂ ವಿಲೀನಕ್ಕೆ ಒಪ್ಪಿಗೆ ಕೊಟ್ಟಿತು. ವಿಲೀನದಿಂದ ಹೊಸ ರೈಲು, ಜೋಡಿ ಹಳಿ ಬರಬಹುದು ಎಂಬ ನಿರೀಕ್ಷೆ ನಮ್ಮ ಕರಾವಳಿಗರದು. ಅದು ಆಗಲಿ. ಜೊತೆಗೇ ನಿಗಮದ ಮೂರು ದಶಕಗಳ ಕಡತ, ನಕ್ಷೆ, ಛಾಯಾಚಿತ್ರಗಳು ಎಲ್ಲಿ ಹೋಗುತ್ತವೆ ಎಂದು ಕೇಳುವವರೂ ಬೇಕು. ಕಚೇರಿ ಬದಲಾಗುವಾಗ ಮೊದಲು ರದ್ದಿಗೆ ಹೋಗುವುದು ಇಂಥ ಕಾಗದಗಳೇ.

ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ರೈಲ್ವೆ ಇಲಾಖೆ ಹಳೆಯ ಡೀಸೆಲ್ ಎಂಜಿನ್‌ಗಳ ಹೊರಮೈ ನಕ್ಷೆಗಳನ್ನು ವಿದ್ಯಾರ್ಥಿಗಳಿಗೆ, ಹವ್ಯಾಸಿಗಳಿಗೆ ಮುಕ್ತವಾಗಿ ಕೊಡಬಹುದು. ಅದರಲ್ಲಿ ಗುಟ್ಟು ಮಾಡುವಂಥದ್ದು ಏನೂ ಇಲ್ಲ. ಎಂಜಿನಿಯರಿಂಗ್, ಡಿಪ್ಲೊಮಾ ಕಾಲೇಜುಗಳು ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ‘ಒಂದು ಎಂಜಿನ್‌ನ ಅಳತೆ ತೆಗೆದು ಮಾದರಿ ಮಾಡಿ’ ಎಂಬ ವಿಷಯ ಕೊಡಬಹುದು. ಶೆಡ್‌ಗೆ ಪತ್ರ ಬರೆದು, ಅನುಮತಿ ಪಡೆದು, ಅಧ್ಯಾಪಕರ ಜೊತೆ ಹೋದರೆ ಇದು ಸಾಧ್ಯ. ಅನುಮತಿಯಿಲ್ಲದೆ ಹಳಿಗಿಳಿದು ಫೋಟೊ ತೆಗೆಯುವ ಸಾಹಸ ಮಾತ್ರ ಬೇಡ. ವಿದ್ಯುತ್ ಎಂಜಿನ್ ಬರುವುದು ಕಿವಿಗೆ ಬೇಗ ತಿಳಿಯುವುದಿಲ್ಲ, ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇದೆ.

ಹುಬ್ಬಳ್ಳಿಯಲ್ಲಿ 2020ರಲ್ಲಿ ರೈಲ್ವೆ ವಸ್ತುಸಂಗ್ರಹಾಲಯ ತೆರೆಯಿತು, ಮೈಸೂರಿನದು 1979ರಷ್ಟು ಹಳೆಯದು. ಕರಾವಳಿಯ ಡೀಸೆಲ್ ಯುಗಕ್ಕೆ ಉತ್ತರ ಕನ್ನಡದಲ್ಲಿ ಒಂದು ಕೋಣೆಯಾದರೂ ಬೇಡವೇ? ನಿಜವಾದ ಎಂಜಿನ್ ತಂದು ನಿಲ್ಲಿಸಲು ನೂರು ಟನ್ ದಾಟುವ ಭಾರದ ತಾಪತ್ರಯವಿದೆ. ಮಾದರಿಗೆ ಒಂದು ಗಾಜಿನ ಪೆಟ್ಟಿಗೆ ಸಾಕು. ಪುಣೆಯಲ್ಲಿ ಭಾವು ಜೋಶಿ ಎಂಬ ಹವ್ಯಾಸಿ ತಮ್ಮ ಜೀವಮಾನದ ಆಸಕ್ತಿಯಿಂದ ಪುಟಾಣಿ ರೈಲುಗಳ ವಸ್ತುಸಂಗ್ರಹಾಲಯವನ್ನೇ ಕಟ್ಟಿದರು. ಅದು ಸಾರ್ವಜನಿಕರಿಗೆ ತೆರೆದದ್ದು 1998ರಲ್ಲಿ, ನಮ್ಮ ಊರಿಗೆ ರೈಲು ಬಂದ ಅದೇ ವರ್ಷ. ಒಬ್ಬ ವ್ಯಕ್ತಿಯಿಂದ ಅಷ್ಟಾದರೆ ಮೂರು ತಾಲ್ಲೂಕಿನ ಕಾಲೇಜುಗಳಿಂದ, ಗುಡಿಗಾರರ ಮನೆಗಳಿಂದ, ಐಟಿಐಗಳಿಂದ ಹೊನ್ನಾವರ ಸೇತುವೆಯ ಒಂದು ತುಣುಕು, ಅದರ ಮೇಲೊಂದು ಡಬ್ಲ್ಯುಡಿಎಂ-2, ಹಿಂದೆ ನಾಲ್ಕು ಲಾರಿ ಹೊತ್ತ ರೋ-ರೋ ಬೋಗಿ ಆಗಲಾರದೇ?

ಹವ್ಯಾಸಿಗಳು ಇಷ್ಟು ದಿನ ವಿದೇಶಿ ಕಂಪನಿಯೊಂದು ಕರುಣೆ ತೋರಿ ನಮ್ಮ ಎಂಜಿನ್‌ನ ಮಾದರಿ ತರಲಿ ಎಂದು ಕಾದರು. ಅದು ಬರುವ ಲಕ್ಷಣ ಕಾಣುವುದಿಲ್ಲ. ಅಮೆರಿಕದವರು ಬಿಟ್ಟ ಎಂಜಿನ್‌ನ್ನು ವಾರಾಣಸಿಯವರು ತಮ್ಮದಾಗಿಸಿಕೊಂಡು ಮೂರು ದಶಕ ಮಾಡಿದರು. ಅದರ ಚಿಕ್ಕ ರೂಪವನ್ನು ಮಾಡುವ ಕೆಲಸ ಅದಕ್ಕಿಂತ ಕಷ್ಟದ್ದೇನಲ್ಲ. ನಿಮ್ಮ ಹಳೆಯ ಮೊಬೈಲ್‌ನಲ್ಲಿ, ಮನೆಯ ಆಲ್ಬಮ್‌ನಲ್ಲಿ ಡೀಸೆಲ್ ಎಂಜಿನ್ ಹಿಂದೆ ನಿಂತ ಫೋಟೊ ಇದ್ದರೆ ಅಳಿಸಬೇಡಿ. ಎಂಜಿನ್‌ನ ಸಂಖ್ಯೆ, ಶೆಡ್‌ನ ಹೆಸರು, ದಿನಾಂಕ ಬರೆದಿಡಿ. ಮುಂದೆ ಮಾದರಿ ಮಾಡಲು ಕೂರುವ ಯಾರಿಗೋ ಅದೇ ಮೊದಲ ನಕ್ಷೆಯಾಗುತ್ತದೆ.